ಟವೆಲ್ಲಿನ ಕೆಳಗೆ ನಾಲ್ಕಾಣೆ

ಶಿವಯೋಗೆಪ್ಪ ಆಡಿದ ಮಾತು ಎದುರಿನವರಿಗೆ ತಲುಪುವ ಹೊತ್ತಿಗೆ ಬೇರೆಯೇ ಮಾತಾಗಿರುತ್ತಿತ್ತು. ನಡುವೆ ಅವನ ಹೆಂಡತಿ ರೇಣುಕವ್ವ ಕೂತಿರುತ್ತಿದ್ದಳು. ಅವನು ಗಂಜಿ ಸಪ್ಪಗಿದೆ ಎಂದರೆ ಅವಳು ಬಂದ ನೆಂಟರಿಗೆ, "ಇನ್ನೊಂದೀಟು ಹಾಕು ಅನ್ನಾಕತ್ತಾರ ನೋಡ್ರಿ, ಹಸಿವಿ ಛಲೋ ಆಗೇತಿ" ಎನ್ನುತ್ತಿದ್ದಳು. ಕುತ್ತಿಗೆ ನೋಯುತ್ತಿದೆ, ಇವರನ್ನು ಸಾಗಹಾಕು ಎಂದರೆ, "ಚಹಾ ಕುಡದ ಹೋಗ್ರಿ ಅಂತಾರ" ಎನ್ನುತ್ತಿದ್ದಳು. ನೆಂಟರು ಚಹಾ ಕುಡಿದು ಇನ್ನೂ ಅರ್ಧ ಗಂಟೆ ಕೂರುತ್ತಿದ್ದರು.

ಹದಿನಾಲ್ಕು ತಿಂಗಳ ಹಿಂದೆ ವಿಜಯಪುರದ ಆಸ್ಪತ್ರೆಯೊಂದರಲ್ಲಿ, ಕ್ಯಾನ್ಸರ್ ಎಂದು, ಅವನ ನಾಲಿಗೆಯ ಮುಕ್ಕಾಲು ಪಾಲನ್ನೂ ಎಡಗಡೆಯ ದವಡೆಯನ್ನೂ ಕತ್ತರಿಸಿ ತೆಗೆದಿದ್ದರು. ಎದೆಯ ಮಾಂಸ ತಂದು ನಾಲಿಗೆಯ ಜಾಗಕ್ಕೆ ಹೊಲಿದಿದ್ದರು. ಜನ ಕರೆಂಟು ಎನ್ನುವ ರೇಡಿಯೇಷನ್ ಕೊಡುವ ಮೊದಲು ಆ ಮಾಂಸದ ಮೇಲೆ ಎದೆಗೂದಲೇ ಚಿಗುರಿತ್ತು. ಬಾಯೊಳಗೆ ಕೂದಲು ಬೆಳೆಸಿದ ಗಂಡಸು ನಾನೊಬ್ಬನೇ ಎಂದು ಹೆಂಡತಿಗೆ ಹೇಳಿ ನಗಲು ನೋಡಿದ್ದ. ನಗಲು ಬಂದಿರಲಿಲ್ಲ. ಆ ಮುದ್ದೆ ಗಂಜಿಯನ್ನು ಹೇಗೋ ಗಂಟಲಿಗೆ ದೂಡುತ್ತದೆ, ಮಾತಿಗೆ ಮಾತ್ರ ಹೊರಳುವುದಿಲ್ಲ. ಬಾಯಿ ತೆರೆದರೆ ನರಳಿಕೆಯಂಥ ಒಂದು ದನಿ ಹೊರಡುತ್ತದೆ, ಜೊತೆಗೆ ಜೊಲ್ಲು. ಅದರಲ್ಲಿ ಮಾತು ಹುಡುಕಿಕೊಳ್ಳಬಲ್ಲವಳು ಈ ಲೋಕದಲ್ಲಿ ರೇಣುಕವ್ವ ಒಬ್ಬಳೇ. ಮೂರು ತಿಂಗಳು ಆಸ್ಪತ್ರೆಯ ಮಂಚದ ಪಕ್ಕ ಚಾಪೆ ಹಾಸಿಕೊಂಡು ಬಿದ್ದಿದ್ದವಳು ಅವಳು. ಮಗಳು ನಂದಾ ವಿಜಯಪುರದಿಂದ ತಿಂಗಳಿಗೊಮ್ಮೆ ಬಂದು ಅಪ್ಪನ ಮಾತಿಗೆಲ್ಲ ಹೂಂ ಹೂಂ ಎಂದು ತಲೆಯಾಡಿಸಿ, ಅಡುಗೆಮನೆಗೆ ಹೋಗಿ, "ಅಪ್ಪ ಏನಂದಾ ಬೇ?" ಎಂದು ಅವ್ವನನ್ನೇ ಕೇಳುತ್ತಿದ್ದಳು.

ಅವನು ಬರೆದು ತೋರಿಸಬಹುದಿತ್ತು ಎನ್ನುವವರಿಗೆ ಒಂದು ಮಾತು. ಶಿವಯೋಗೆಪ್ಪ ಎರಡನೇ ಇಯತ್ತೆಗೇ ಸಾಲಿ ಬಿಟ್ಟವನು. ಸಹಿ ಮಾಡಲು ಬರುತ್ತಿತ್ತು, ಬೇರೆ ಬರೆಯುವ ಪ್ರಮೇಯವೇ ಬಂದಿರಲಿಲ್ಲ. ಅವನು ಎತ್ತಿನ ದಲಾಲ. ತಿಕೋಟಾದ ಸುತ್ತಮುತ್ತ ಯಾವ ಊರಿನಲ್ಲಿ ಯಾರ ಕೊಟ್ಟಿಗೆಯಲ್ಲಿ ಎಂಥ ಜೋಡಿ ಇದೆ ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಖಿಲಾರಿ ಹೋರಿಯ ಬಾಯಿ ತೆರೆದು ಹಲ್ಲು ನೋಡಿ ಅದರ ವಯಸ್ಸು ಹೇಳಿದರೆ ಎರಡನೇ ಮಾತಿರಲಿಲ್ಲ.

ಸಂತೆಯಲ್ಲಿ ಅವನ ಕೆಲಸ ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಲ್ಲುವುದು. ಹೆಗಲ ಟವೆಲ್ಲನ್ನು ಕೈಗಳ ಮೇಲೆ ಹಾಸಿ, ಕೆಳಗೆ ಎದುರಿನವನ ಬೆರಳು ಹಿಡಿಯುವನು. ಒಂದು ಬೆರಳು ಹಿಡಿದರೆ ಒಂದು, ನಾಲ್ಕು ಹಿಡಿದರೆ ನಾಲ್ಕು. ಅದು ಸಾವಿರದ ಲೆಕ್ಕವೋ ಹತ್ತು ಸಾವಿರದ್ದೋ ಹಿಡಿದವರಿಗೆ ಗೊತ್ತು, ಸುತ್ತ ನಿಂತು ನೋಡುವವರಿಗೆ ಗೊತ್ತಾಗುವುದಿಲ್ಲ. ಬೆಲೆ ಒಪ್ಪಿದರೆ ಇಡೀ ಅಂಗೈ ಹಿಡಿದು ಅದುಮಬೇಕು, ಒಪ್ಪದಿದ್ದರೆ ಕೈ ಎಳೆದುಕೊಳ್ಳಬೇಕು. ಟವೆಲ್ಲಿನ ಮೇಲೆ ಬಾಯಿಗೆ ಬಂದದ್ದು ಆಡಬಹುದು. ಎತ್ತನ್ನು ಬೈಯಬಹುದು, ಒಬ್ಬರನ್ನೊಬ್ಬರು ಬೈಯಬಹುದು, ಮನೆಗೆ ಹೋಗುತ್ತೇನೆಂದು ಹೆಜ್ಜೆ ಕೀಳಬಹುದು. ಕೆಳಗೆ ಮಾತ್ರ ಸುಳ್ಳು ನಡೆಯುವುದಿಲ್ಲ. ಸುಳ್ಳು ಹೇಳಿದ ದಲಾಲನ ಕೈಯನ್ನು ಮುಂದಿನ ವಾರ ಯಾರೂ ಹಿಡಿಯುವುದಿಲ್ಲ. ಶಿವಯೋಗೆಪ್ಪನ ಕೈ ಮೂವತ್ತು ವರ್ಷ ಖಾಲಿ ಇದ್ದದ್ದಿಲ್ಲ.

ಅಂಥವನು ತನ್ನ ಜೀವದ ವ್ಯಾಪಾರವನ್ನು ಅರ್ಧ ಗಂಟೆಯಲ್ಲಿ ಮುಗಿಸಿಬಿಟ್ಟಿದ್ದ. ಡಾಕ್ಟರು ಕಾಗದ ಮುಂದಿಟ್ಟು, ಆಪರೇಷನ್ ಮಾಡಿಸಿದರೆ ಉಳಿಯುವ ಸಂಭವ ಹೆಚ್ಚು, ಬರೀ ಕರೆಂಟು ಔಷಧದಲ್ಲಿ ಅಷ್ಟು ಭರವಸೆ ಇಲ್ಲ ಎಂದಿದ್ದರು. ರೇಣುಕವ್ವ ಪಕ್ಕದಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ಅವನು ಮಾಡ್ರಿ ಎಂದ. ಕತ್ತರಿಸಿದ ಮೇಲೆ ಏನು ಉಳಿಯುತ್ತದೆ ಎಂದು ಕೇಳಲಿಲ್ಲ. ಒಂದು ಎತ್ತು ಕೊಳ್ಳಲು ಅದರ ಸುತ್ತ ನಾಲ್ಕು ಸಲ ತಿರುಗಿ, ಗೊರಸು ಎತ್ತಿ, ಬಾಲ ಎತ್ತಿ, ನಡೆಸಿ ನೋಡುವ ಮನುಷ್ಯ ಹಲ್ಲು ನೋಡದೆ ತನ್ನನ್ನೇ ಕೊಂಡಿದ್ದ. ಮೂವತ್ತು ವರ್ಷ ಎಡದವಡೆಯಲ್ಲಿ ತಂಬಾಕು ಇಟ್ಟುಕೊಂಡದ್ದಕ್ಕೆ ಪಟ್ಟ ಪಶ್ಚಾತ್ತಾಪ ಒಂದೆರಡು ತಿಂಗಳಿಗೆ ತೀರಿತ್ತು. ಮಾಡ್ರಿ ಎಂದದ್ದರ ಪಶ್ಚಾತ್ತಾಪ ತೀರುತ್ತಿರಲಿಲ್ಲ.

ಈಗ ದಿನಕ್ಕೆ ಆರು ಸಲ ಗಂಜಿ. ರೊಟ್ಟಿಯ ವಾಸನೆ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಕುತ್ತಿಗೆ ಕಟ್ಟಿಗೆಯಂತಾಗಿ ಅತ್ತಿತ್ತ ಆಡುತ್ತಿರಲಿಲ್ಲ, ಎಡಗೈ ಭುಜದ ಮೇಲೆ ಏಳುತ್ತಿರಲಿಲ್ಲ. ಆಸ್ಪತ್ರೆಗೆ ಬಿಟ್ಟರೆ ಹೊಸ್ತಿಲು ದಾಟುತ್ತಿರಲಿಲ್ಲ. ಊರವರು ಮಾತ್ರ, ಗೆದ್ದು ಬಂದ ಶಿವಯೋಗೆಪ್ಪ, ಗಂಡನ್ನ ಯಮನ ಕೈಯಿಂದ ಕಸಕೊಂಡು ಬಂದಳು ರೇಣುಕವ್ವ ಎಂದು ಮಾತಾಡಿಕೊಳ್ಳುತ್ತಿದ್ದರು. ಅವರಿಗೇನು, ನಾಲಿಗೆ ಇತ್ತು, ಮಾತಾಡುತ್ತಿದ್ದರು.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದನೇನೋ. ಆದರೆ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಹಿಂಜರಿಯುವವರಿಗೆಲ್ಲ, ತಿಕೋಟಾದ ಶಿವಯೋಗೆಪ್ಪನನ್ನು ಹೋಗಿ ನೋಡಿ ಬನ್ನಿ ಎಂದು ಹೇಳಲು ಶುರುಮಾಡಿದರು. ಒಬ್ಬೊಬ್ಬರೇ ಬಂದರು. ಬಂದವರು ಅವನ ಮುಖ ನೋಡುತ್ತಿದ್ದರು, ರೇಣುಕವ್ವನ ಮಾತು ಕೇಳುತ್ತಿದ್ದರು. ಅವನು ಬೇಡ ಎನ್ನುತ್ತಿದ್ದ. ಅವಳು "ಅಂಜಬ್ಯಾಡ, ಮಾಡಿಸು ಅಂತಾರ" ಎನ್ನುತ್ತಿದ್ದಳು. ಅವನು ಸಿಟ್ಟಿಗೆದ್ದು ಕೈ ಬೀಸಿ ಬೇಡ ಬೇಡ ಎಂದರೆ, "ಚಿಂತಿ ಬ್ಯಾಡ ಅಂತ ಕೈ ಮಾಡಾಕತ್ತಾರ" ಎನ್ನುತ್ತಿದ್ದಳು.

ಹಾಗೆ ಬಂದವರಲ್ಲಿ ಬಬಲೇಶ್ವರದ ಸಿದ್ದರಾಯ ಎಂಬ ಕಿರಾಣಿ ಅಂಗಡಿಯವನಿದ್ದ. ಒಳ್ಳೆ ಮಾತುಗಾರ. ಹೋಗುವಾಗ ಶಿವಯೋಗೆಪ್ಪನ ಕೈ ಹಿಡಿದು, ನಿಮ್ಮನ್ನು ನೋಡಿ ಧೈರ್ಯ ಬಂತು ಎಂದಿದ್ದ. ಮೂರು ತಿಂಗಳ ಮೇಲೆ, ಶಿವಯೋಗೆಪ್ಪ ತಪಾಸಣೆಗೆ ಹೋದಾಗ, ಅವನು ಕರೆಂಟಿನ ಕೋಣೆಯ ಹೊರಗೆ ಬೆಂಚಿನ ಮೇಲೆ ಸಿಕ್ಕ. ಬಾಯಿಗೆ ಬಟ್ಟೆ, ಮೂಗಿಗೆ ನಳಿಕೆ. ಶಿವಯೋಗೆಪ್ಪನನ್ನು ಒಂದು ಸಲ ನೆಟ್ಟಗೆ ನೋಡಿದ, ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಶಿವಯೋಗೆಪ್ಪನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಇದನ್ನೇ ನಾನು ನಿನಗೆ ಹೇಳಿದ್ದೆ, ನಿನಗೆ ಮುಟ್ಟಲಿಲ್ಲ ಎಂದು ಹೇಳಬೇಕಿತ್ತು. ಹೇಳುವುದಾದರೂ ಯಾರ ಬಾಯಿಂದ? ಇನ್ನು ಮುಂದೆ ಬರುವವನಿಗೆ ಹೇಗಾದರೂ ನಿಜ ಮುಟ್ಟಿಸುತ್ತೇನೆ ಎಂದು ಅಂದೇ ನಿಶ್ಚಯ ಮಾಡಿದ.

ಮುಂದೆ ಬಂದವನು ಜೈನಾಪುರದ ಸೈಫುದ್ದೀನ.

ಬುಧವಾರ ಬೆಳಗಿನ ಹನ್ನೊಂದರ ಹೊತ್ತು. ಜೊತೆಗೆ ಮಗಳು ರುಕ್ಸಾರ. ಸೈಫುದ್ದೀನ ಹಳೆಯ ಗಿರಾಕಿ, ಇವನ ಕೈಯಿಂದಲೇ ಮೂರು ಜೋಡಿ ಎತ್ತು ಕೊಂಡ ರೈತ. ಹೆಂಡತಿ ತೀರಿದ ಮೇಲೆ ಮಗಳೇ ಮನೆ ನೋಡಿಕೊಂಡಿದ್ದಳು. ಅವನ ನಾಲಿಗೆಯ ಅಂಚಿನಲ್ಲಿ ಹುಣ್ಣಾಗಿತ್ತು. ಮಾತು ತುಸು ತೊಡರುತ್ತಿತ್ತು, ಆದರೂ ತಿಳಿಯುತ್ತಿತ್ತು. ಮುಂದಿನ ಸೋಮವಾರ ಅಡ್ಮಿಟ್ ಆಗಬೇಕು ಎಂದು ತಾರೀಖು ಕೊಟ್ಟಿದ್ದರು.

"ನೀವರ ಅಬ್ಬಾಗ ಒಂದ ಮಾತ ಹೇಳ್ರಿ ಕಾಕಾ. ಆಪರೇಷನ್ ಬ್ಯಾಡ, ನಾಟಿ ಔಷಧ ತಗೋತೀನಿ ಅಂತ ಕುಂತಾನ" ಎಂದಳು ರುಕ್ಸಾರ.

ಶಿವಯೋಗೆಪ್ಪ ಇದಕ್ಕೇ ಕಾದಿದ್ದ. ಬಾಯಿಯ ಬಟ್ಟೆ ತೆಗೆದು, ಒಂದೊಂದೇ ಅಕ್ಷರವನ್ನು ದೂಡಿ ದೂಡಿ, ಮಾಡಿಸಬೇಡ, ಇದು ಬದುಕಲ್ಲ ಎಂದ.

"ಮಾಡಿಸು ಅಂತಾರ್ರಿ. ಬದುಕು ದೊಡ್ಡದು ಅಂತಾರ" ಎಂದಳು ರೇಣುಕವ್ವ. ದನಿ ಒಂದಿಷ್ಟೂ ನಡುಗಲಿಲ್ಲ, ಅಷ್ಟು ರೂಢಿಯಾಗಿತ್ತು.

ಅವನು ಅಂಗೈಯಿಂದ ನೆಲ ಬಡಿದ. ಹೆಂಡತಿಯ ಕಡೆ ಬೆರಳು ತೋರಿಸಿ ಇಲ್ಲ ಇಲ್ಲ ಎಂದು ಕೈ ಆಡಿಸಿದ. "ಹಗಲೆಲ್ಲಾ ನನ್ನ ಹಿಂಗ ಹೊಗಳತಾರ್ರಿ. ನಾ ಏನೂ ಮಾಡಿಲ್ಲ, ಎಲ್ಲಾ ಡಾಕ್ಟರು ಮಾಡಿದ್ದು" ಎಂದು ಅವಳು ತಲೆ ತಗ್ಗಿಸಿದಳು. ರುಕ್ಸಾರಳ ಕಣ್ಣು ತುಂಬಿ ಬಂದವು. ಶಿವಯೋಗೆಪ್ಪನಿಗೆ ತನ್ನ ಮನೆಯ ಗೋಡೆಗಳೇ ಒಂದೊಂದು ಮೊಳ ಒಳಗೆ ಸರಿದ ಹಾಗಾಯಿತು.

ಸೈಫುದ್ದೀನ ರೇಣುಕವ್ವನ ಬಾಯಿ ನೋಡುತ್ತಿರಲಿಲ್ಲ. ನೆಲ ಬಡಿದ ಆ ಕೈಯನ್ನೇ ನೋಡುತ್ತಿದ್ದ. ನಾಲ್ಕಾರು ಕಡೆ ವ್ಯಾಪಾರ ಮಾಡಿದ ಮನುಷ್ಯ, ಮೇಲೆ ನಡೆಯುತ್ತಿರುವ ಮಾತಿಗೂ ಮಾಲಿಗೂ ತಾಳೆ ಆಗುತ್ತಿಲ್ಲ ಎಂಬುದು ಅವನಿಗೆ ಗೊತ್ತಾಯಿತು. ಹೆಗಲ ಮೇಲಿನ ಟವೆಲ್ಲು ತೆಗೆದು ಕೊಡವಿ, ಹತ್ತಿರ ಸರಿದು ಕೂತ.

"ಕೈ ಕೊಡ್ರಿ ದಲಾಲರ."

ಹದಿನಾಲ್ಕು ತಿಂಗಳಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ. ಶಿವಯೋಗೆಪ್ಪನ ಬಲಗೈ ತಾನಾಗಿ ಮುಂದೆ ಹೋಯಿತು. ಟವೆಲ್ಲು ಎರಡೂ ಕೈಗಳ ಮೇಲೆ ಬಿತ್ತು. ರೇಣುಕವ್ವ ಎದ್ದು ನಿಂತಳು. "ಇದೇನ್ರಿ, ಸಂತಿ ಆತೇನು ಇದು?" ಎಂದಳು.

"ಮೊದಲಿನ ಬದುಕು ಹದಿನಾರಾಣೆ, ಪೂರಾ ರೂಪಾಯಿ ಅಂತ ಹಿಡಿಯೂಣು," ಎಂದ ಸೈಫುದ್ದೀನ. "ಈಗ ಎಷ್ಟ ಉಳದೈತಿ, ಅಷ್ಟ ಹೇಳ್ರಿ."

ಬೇಡ ಎಂದು ಹೇಳಲು ಅವನು ಸಿದ್ಧನಾಗಿದ್ದ. ಎಷ್ಟು ಎಂಬ ಪ್ರಶ್ನೆಗೆ ಸಿದ್ಧನಾಗಿರಲಿಲ್ಲ. ಟವೆಲ್ಲಿನ ಕೆಳಗೆ ಸುಳ್ಳು ಹೇಳಿ ಗೊತ್ತಿಲ್ಲದವನು, ಕಣ್ಣು ಮುಚ್ಚಿ ಎಣಿಸಿದ. ರೊಟ್ಟಿ ಹೋಯಿತು, ಮಾತು ಹೋಯಿತು, ಸಂತೆ ಹೋಯಿತು, ಜನರ ನಡುವೆ ಕೂತು ನಗುವುದು ಹೋಯಿತು. ಮುಂಜಾನೆ ಹಿತ್ತಲಿನ ಬಿಸಿಲು ಇತ್ತು. ಆಪರೇಷನ್ನಿನ ಮೇಲೆ ಮನೆಯ ಅಂಗಳದಲ್ಲೇ ಆದ ನಂದಾಳ ಮದುವೆಯಲ್ಲಿ ಅಕ್ಕಿಕಾಳು ಹಾಕಿದ್ದು ಇತ್ತು. ನೋವಿಲ್ಲದ ನಿದ್ದೆ ಒಂದೊಂದು ದಿನ ಇತ್ತು. ಅವನು ಸೈಫುದ್ದೀನನ ನಾಲ್ಕು ಬೆರಳು ಹಿಡಿದ.

"ನಾಕಾಣೆ," ಎಂದ ಸೈಫುದ್ದೀನ ಮೆಲ್ಲಗೆ. "ಹೌದಲ್ಲ? ಈಗ ಒಂದ ಕೇಳತೀನಿ. ಈ ಬೆಲಿ ಗೊತ್ತಿದ್ದರ, ಆವತ್ತ ನೀವು ತಗೋತಿದ್ದಿರೇನು?"

ಶಿವಯೋಗೆಪ್ಪ ಕೈ ಎಳೆದುಕೊಂಡ.

ಸೈಫುದ್ದೀನ ಟವೆಲ್ಲು ಮಡಚಿ ಹೆಗಲಿಗೆ ಹಾಕಿಕೊಂಡು ಎದ್ದ. ಖರೆ ಹೇಳಿದವರು ನೀವೊಬ್ಬರೇ ಎಂದ. ಚಹಾ ಮುಟ್ಟದೆ ಹೊರಟ. ರುಕ್ಸಾರ ಬಾಗಿಲ ತನಕ ಹೋಗಿ ಹಿಂತಿರುಗಿ, ಏನು ನಡೆಯಿತು ಎಂಬಂತೆ ರೇಣುಕವ್ವನನ್ನು ನೋಡಿದಳು. ರೇಣುಕವ್ವ ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಎರಡು ದಿನ ಶಿವಯೋಗೆಪ್ಪ ಹಗುರಾಗಿದ್ದ. ಗಂಜಿ ತಾನೇ ಬೇಡಿ ಕುಡಿದ. ಹಿತ್ತಲಲ್ಲಿ ಹತ್ತು ಸಲ ತಿರುಗಾಡಿದ. ತನ್ನದೇ ಒಂದು ಮಾತು, ಯಾರ ಕೈಯೂ ಸೋಕದೆ, ಇಡಿಯಾಗಿ ಇನ್ನೊಬ್ಬನಿಗೆ ಮುಟ್ಟಿತ್ತು. ರೇಣುಕವ್ವ ಮಾತ್ರ ಮಾತು ಬಿಟ್ಟಿದ್ದಳು. ಮೂರನೆಯ ದಿನ ಮಧ್ಯಾಹ್ನ ಗಂಜಿಯ ಬಟ್ಟಲು ಮುಂದಿಟ್ಟು ಅಲ್ಲೇ ಕೂತಳು.

"ಬೆರಳ ಎಷ್ಟ ಹಿಡದ್ರಿ ಅವಂಗ?"

ನಾಲ್ಕು ಎಂದ.

"ಆಮ್ಯಾಲ ಕೈ ಕಸಗೊಂಡ್ರಿ. ಅದನ್ನ ನೋಡಿದೆ."

ಅವನಿಗೆ ತಡೆಯಲಾಗಲಿಲ್ಲ. ಹದಿನಾಲ್ಕು ತಿಂಗಳದ್ದು ಒಮ್ಮೆಗೇ ಹೊರಬಿತ್ತು. ನನ್ನ ಮಾತನ್ನು ನೀನು ಕಸಿದುಕೊಂಡೆ, ಡಾಕ್ಟರು ಕತ್ತರಿಸಿದ್ದು ನಾಲಿಗೆ ಒಂದನ್ನೇ, ಉಳಿದದ್ದನ್ನು ನೀನು ಕತ್ತರಿಸಿದೆ, ಸಿದ್ದರಾಯ ನನ್ನ ಮುಖ ನೋಡಲಿಲ್ಲ, ನೀನು ಅಳದೆ ಇದ್ದಿದ್ದರೆ ನಾನು ಅವತ್ತು ಏನು ಎತ್ತ ಎಂದು ಕೇಳುತ್ತಿದ್ದೆ ಎಂದ. ಜೊಲ್ಲು ಎದೆಯ ಮೇಲೆ ಹರಿಯಿತು, ಒರೆಸಿಕೊಳ್ಳಲಿಲ್ಲ. ಅವಳೂ ಒರೆಸಲಿಲ್ಲ.

"ನೀವು ಕೇಳಲಿಲ್ಲ," ಎಂದಳು. "ನಾ ಕೇಳಿದ್ದೆ. ನೀವು ಎಕ್ಸರೇ ತಗಿಸಾಕ ಒಳಗ ಹೋಗಿದ್ರಿ. ಡಾಕ್ಟರು ನನ್ನ ಕುಂಡ್ರಿಸಿ ಎಲ್ಲಾ ಹೇಳಿದ್ರು. ಮಾತ ಬರೂದಿಲ್ಲ, ರೊಟ್ಟಿ ಉಣ್ಣಾಕ ಆಗೂದಿಲ್ಲ, ಮಾರಿ ಸೊಟ್ಟ ಆಗತೈತಿ ಅಂತ. ವಿಚಾರ ಮಾಡಿ ಅವರಿಗೆ ತಿಳಿಸಿ ಹೇಳ್ರಿ ಅಂದ್ರು. ನಾ ನಿಮಗ ಹೇಳಲಿಲ್ಲ."

ಶಿವಯೋಗೆಪ್ಪ ಅವಳನ್ನೇ ನೋಡಿದ. ಯಾಕೆ ಎಂದ.

"ಹೇಳಿದ್ರ ನೀವು ಕೈ ಕಸಗೋತಿದ್ರಿ. ಮೊನ್ನೆ ಕಸಗೊಂಡಂಗ." ಅವಳು ಗಂಜಿಯ ಬಟ್ಟಲನ್ನು ನೋಡುತ್ತ ಹೇಳಿದಳು. "ನಿಮಗ ನಾಕಾಣೆ ಕಡಿಮಿ ಆತು. ನನಗ ಅಷ್ಟ ಸಾಕಿತ್ರಿ."

ಅವನ ಸಿಟ್ಟು ನಿಂತಲ್ಲೇ ನಿಂತಿತು. ಹೋಗಲಿಲ್ಲ, ಆದರೆ ಮುಂದೆ ಹೆಜ್ಜೆ ಇಡಲು ಅದಕ್ಕೆ ಜಾಗ ಸಿಗಲಿಲ್ಲ. ಮೂವತ್ತು ವರ್ಷ ಇಬ್ಬರ ನಡುವೆ ನಿಂತು ಬೆಲೆ ಕಟ್ಟಿದವನು, ಒಂದೇ ಮಾಲಿಗೆ ಎರಡು ಕಡೆಯಿಂದ ಎರಡು ಬೆಲೆ ಎಂಬುದನ್ನು ತನ್ನ ವಿಷಯಕ್ಕೆ ಬಂದಾಗ ಮರೆತುಬಿಟ್ಟಿದ್ದ. ಸೈಫುದ್ದೀನನಿಗೆ ತಾನು ಹೇಳಿದ ಬೆಲೆ ಸುಳ್ಳಲ್ಲ, ಆದರೆ ಅದು ಒಂದು ಕಡೆಯದಷ್ಟೇ. ಹಾಗಂತ ಹೆಂಡತಿ ಮಾಡಿದ್ದು ಸರಿ ಎಂದೂ ಅನ್ನಿಸಲಿಲ್ಲ. ಅವಳು ಮೋಸ ಮಾಡಿದ್ದಳು. ಮೋಸ ಮಾಡಿ, ಆ ಮೋಸವನ್ನು ದಿನಕ್ಕೆ ಆರು ಸಲ ಸೋಸಿದ ಗಂಜಿಯ ಜೊತೆ ಹೊತ್ತುಕೊಂಡು ತಿರುಗಿದ್ದಳು. ಅವನಿಗೆ ಅಳು ಬಂತು. ಅತ್ತ.

ಆ ಸಂಜೆಯೇ ಫೋನು ಬಂತು. ರುಕ್ಸಾರ. ರೇಣುಕವ್ವ ಸ್ಪೀಕರ್ ಹಾಕಿದಳು.

"ಕಾಕೂ, ಅಬ್ಬಾ ಆಸ್ಪತ್ರಿ ಫೈಲ್ ಹರದ ಒಗದಾನ. ಸೋಮವಾರ ಬರೂದಿಲ್ಲ ಅಂತಾನ. ದಲಾಲರು ನಾಕಾಣೆ ಅಂದಾರ, ಕೈ ಕಸಗೊಂಡಾರ ಅಂತ ಇಷ್ಟ ಹೇಳತಾನ, ಮುಂದ ಮಾತ ಇಲ್ಲ. ಏನಾತ್ರಿ ಅವತ್ತ?" ಹುಡುಗಿ ಬಿಕ್ಕುತ್ತಿದ್ದಳು. "ನನಗ ಮತ್ಯಾರೂ ಇಲ್ರಿ."

ರೇಣುಕವ್ವ ಫೋನನ್ನು ಗಂಡನ ಮುಂದೆ ಹಿಡಿದಳು. "ನೀವ ಹೇಳ್ರಿ. ಹೆಂಗ ಹೇಳತೀರಿ ಹಂಗ ಹೇಳತೀನಿ. ಒಂದಕ್ಷರ ಆಚೀಚಿ ಮಾಡೂದಿಲ್ಲ, ನಂದಾನ ಆಣಿ."

ಅವನು ಬಾಯಿಯ ಬಟ್ಟೆ ಸರಿಸಿದ. ಆಮೇಲೆ ಹೇಳಿದ. ಅವಳು ಫೋನಿಗೆ ಬಾಯಿ ಹತ್ತಿರ ತಂದು, "ಸೈಫುದ್ದೀನಣ್ಣಗ ಫೋನ್ ಕೊಡವಾ" ಎಂದಳು. ಅತ್ತಲಿಂದ ಅವನ ಕೆಮ್ಮು ಕೇಳಿಸಿದ ಮೇಲೆ ಹೇಳಿದಳು: "ನಾಕಾಣೆ ಅಂದದ್ದು ಖರೇನ ಅಂತಾರ್ರಿ. ಆದ್ರ ಅದು ನನ್ನ ಕಡಿ ಬೆಲಿ ಅಷ್ಟ. ನಿನ್ನ ಮಗಳಿಗೆ ಎಷ್ಟ ಸಾಕು ಅಂತ ಕೇಳಿ ಆಮ್ಯಾಲ ಮುಗಸು ಅಂತಾರ."



"ವೈನಿ," ಎಂದ ಸೈಫುದ್ದೀನ, "ಇದು ನಿಮ್ಮ ಮಾತು. ದಲಾಲರು ಏನ ಹೇಳೂದಿತ್ತು ಅದನ್ನ ನನಗ ಹೇಳ್ಯಾರ. ಸಿಟ್ಟಾಗಬ್ಯಾಡ್ರಿ."

ಶಿವಯೋಗೆಪ್ಪ ಫೋನು ಕಸಿದುಕೊಂಡು ಅದರೊಳಗೆ ತಾನೇ ಮಾತಾಡಿದ. ಇದು ನನ್ನ ಮಾತು, ನನ್ನದೇ ಮಾತು ಎಂದು ಕೂಗಿದ. ಹೊರಟದ್ದು ಅದೇ ನರಳಿಕೆ. "ತಿಳೀವಲ್ದ್ರಿ ದಲಾಲರ," ಎಂದ ಸೈಫುದ್ದೀನ, ಬಹಳ ಸಂಕೋಚದಿಂದ, ಮತ್ತು ಫೋನು ಇಟ್ಟ.

ರೇಣುಕವ್ವ ಗೋಡೆಗೆ ಒರಗಿ ಕೂತಳು. "ಇದ್ದದ್ದ ಇದ್ದಂಗ ಹೇಳಿದೆನಲ್ರೀ" ಎಂದಳು. ಹೇಳಿದ್ದಳು. ಅವಳು ಒಂದಕ್ಷರವನ್ನೂ ಬದಲಿಸದೆ ಹೇಳಿದಳು ಎನ್ನುವುದಕ್ಕೆ ಲೋಕದಲ್ಲಿ ಸಾಕ್ಷಿ ಅವನೊಬ್ಬನೇ, ಮತ್ತು ಆ ಸಾಕ್ಷಿಯೂ ಅವಳ ಬಾಯಿಂದಲೇ ಹೊರಗೆ ಬರಬೇಕು. ಇಬ್ಬರೂ ಒಂದೇ ಕೋಣೆಯಲ್ಲಿ ಸಿಕ್ಕಿಕೊಂಡಿದ್ದಾರೆ, ಕೀಲಿ ಯಾರ ಹತ್ತಿರವೂ ಇಲ್ಲ ಎಂದು ಶಿವಯೋಗೆಪ್ಪನಿಗೆ ಅನ್ನಿಸಿತು. ಅವಳ ಮೇಲೆ ಮರುಕ ಹುಟ್ಟಿದ್ದು ಆಗ.

ಮರುದಿನ ಭಾನುವಾರ. ಬೆಳಗ್ಗೆ ಅವನು ಬಿಳಿ ಧೋತರ ಉಟ್ಟು, ಅಂಗಿ ತೊಟ್ಟು, ಬಾಯಿಗೆ ಬಟ್ಟೆ ಕಟ್ಟಿಕೊಂಡು ನಿಂತಾಗ ರೇಣುಕವ್ವ ಎಲ್ಲಿಗೆ ಎಂದು ಕೇಳಲಿಲ್ಲ. ಗಂಜಿಯನ್ನು ಥರ್ಮಾಸಿಗೆ ತುಂಬಿಕೊಂಡಳು.

ವಿಜಯಪುರದ ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಎಂದು ಅವನನ್ನೇ ಕೇಳಿದ. ಅವನು ಹೆಂಡತಿಯನ್ನು ನೋಡಿದ, ಕಂಡಕ್ಟರು ಬಾಯಿಯ ಬಟ್ಟೆಯನ್ನು ನೋಡಿದ. ಮುಂದಿನ ಸೀಟಿನ ಮಗುವೊಂದು ಹಿಂದಕ್ಕೆ ತಿರುಗಿ ತಿರುಗಿ ನೋಡಿತು, ಅದರ ತಾಯಿ ಮಗುವಿನ ತಲೆ ಹಿಡಿದು ಮುಂದಕ್ಕೆ ತಿರುಗಿಸಿದಳು. ಬಸ್ಸು ಇಳಿದು ಗಾಂಧಿ ಚೌಕದ ಗದ್ದಲದಲ್ಲಿ ಆಟೋ ಸಿಕ್ಕಿಕೊಂಡಾಗ, ಸಂತೆಗೆ ಹೊರಟ ಪರಿಚಯದವರು ಯಾರಾದರೂ ಕಂಡಾರೆಂದು ಅವನು ಮುಖ ಒಳಗೆಳೆದುಕೊಂಡ. ಎಷ್ಟೋ ವರ್ಷ ಇದೇ ಚೌಕದಲ್ಲಿ ನಾಲ್ಕು ಜನರನ್ನು ಗುಡ್ಡೆ ಹಾಕಿಕೊಂಡು ಚಹಾ ಕುಡಿಸಿದವನು. ಬಬಲೇಶ್ವರದ ಬಸ್ಸಿನಲ್ಲಿ ಕಿಟಕಿಯ ಗಾಳಿ ಕತ್ತಿನ ಹೊಲಿಗೆಗೆ ಬಡಿದು ಚುಚ್ಚಿತು. ರೇಣುಕವ್ವ ಸೆರಗನ್ನು ಮಡಚಿ ಅಲ್ಲಿಗೆ ಹಿಡಿದಳು. ಬಬಲೇಶ್ವರದಿಂದ ಜೈನಾಪುರಕ್ಕೆ ಟಂಟಂ ರಿಕ್ಷಾ. ಹಿಂದಕ್ಕೆ ಹೋಗೋಣವೇ ಎಂದು ದಾರಿಯಲ್ಲಿ ಎರಡು ಸಲ ಕೇಳಿದ. ಎರಡು ಸಲವೂ ಅವಳು, "ನೀವು ಹೆಂಗ ಅಂತೀರಿ ಹಂಗ" ಎಂದಳು.

ಸೈಫುದ್ದೀನ ಕಟ್ಟೆಯ ಮೇಲೆ ಕೂತಿದ್ದ. ನಾಲ್ಕು ದಿನದಲ್ಲಿ ಇಳಿದು ಹೋಗಿದ್ದ. ದಲಾಲ ತಾನಾಗಿ ಬಂದದ್ದನ್ನು ನೋಡಿ ಎದ್ದು ನಿಂತ, ಒಳಗೆ ಕರೆದ. ರುಕ್ಸಾರ ನೀರು ತಂದಳು. ಶಿವಯೋಗೆಪ್ಪ ನೀರು ಮುಟ್ಟದೆ ತನ್ನ ಟವೆಲ್ಲು ಬಿಚ್ಚಿ ಕೈ ಚಾಚಿದ.

"ಬೆಲಿ ಏರಿತೇನ್ರಿ?" ಎಂದ ಸೈಫುದ್ದೀನ.

ಶಿವಯೋಗೆಪ್ಪ ಅವನ ನಾಲ್ಕು ಬೆರಳು ಹಿಡಿದ. ಏರಿರಲಿಲ್ಲ. ಸುಳ್ಳು ಹೇಳಲು ಅವನು ನಾಲ್ಕು ಗಾಡಿ ಹತ್ತಿಳಿದು ಬಂದಿರಲಿಲ್ಲ. ಆಮೇಲೆ ಎಡಗೈ ಚಾಚಿ, ಅದು ಏಳುವಷ್ಟೇ ಏಳಿಸಿ, ಪಕ್ಕದಲ್ಲಿ ನಿಂತಿದ್ದ ರುಕ್ಸಾರಳ ಕೈ ಹಿಡಿದು ಟವೆಲ್ಲಿನ ಒಳಗೆ ತಂದ. ಅವಳ ಕೈಯನ್ನು ಅಪ್ಪನ ಕೈಯ ಮೇಲಿಟ್ಟ. ತಾನು ತನ್ನ ಬೆರಳು ಸಡಿಲಿಸಿ, ಕೈಯನ್ನು ಅವರಿಬ್ಬರ ಕೈಗಳ ಕೆಳಗೆ ಹಾಗೆಯೇ ಇಟ್ಟುಕೊಂಡ, ದಲಾಲ ಇಡುವ ಹಾಗೆ.

"ನಿನಗ ಎಷ್ಟಾದ್ರ ಸಾಕು, ಅಷ್ಟ ಬೆರಳ ಹಿಡಿಯವಾ" ಎಂದಳು ರೇಣುಕವ್ವ. ಶಿವಯೋಗೆಪ್ಪ ಆಗ ಏನೂ ಹೇಳಿರಲಿಲ್ಲ. ಆದರೆ ಹೇಳಬೇಕೆಂದಿದ್ದುದು ಅದನ್ನೇ.

ರುಕ್ಸಾರ ಒಂದು ಬೆರಳು ಹಿಡಿದಳು.

ಹಿಡಿದು ಬಿಡಲಿಲ್ಲ. ಆ ಬಿಗಿತ ಶಿವಯೋಗೆಪ್ಪನ ಅಂಗೈಗೂ ತಾಗಿತು. ಸೈಫುದ್ದೀನ ಟವೆಲ್ಲನ್ನೇ ನೋಡುತ್ತ ಕೂತ. ಕೈ ಎಳೆದುಕೊಳ್ಳಬೇಕೆಂದು ಅವನ ತೋಳು ಒಂದು ಸಲ ಬಿಗಿಯಾಯಿತು, ಅದೂ ಗೊತ್ತಾಯಿತು. ಹೊರಗೆ ಯಾರದೋ ಟ್ರ್ಯಾಕ್ಟರು ಹಾದು ಹೋಯಿತು.

"ಒಂದಾಣೆನೇನ?" ಎಂದು ಕೇಳಿದ ಸೈಫುದ್ದೀನ, ಮಗಳ ಕಡೆ ನೋಡದೆ. "ಇಷ್ಟ ಕಡಿಮಿಗೆ ಯಾರ ತಗೋತಾರ ಬೇಟಾ?"

"ನಾ ತಗೋತೀನಿ" ಎಂದಳು ಅವಳು.

ಸೈಫುದ್ದೀನ ಅಂಗೈ ಮುಚ್ಚಿ ಮಗಳ ಕೈಯನ್ನು ಅದುಮಿದ. ವ್ಯಾಪಾರ ಮುಗಿಯಿತು. ಆಮೇಲೆ ತಲೆ ಎತ್ತಿ ಶಿವಯೋಗೆಪ್ಪನ ಸೊಟ್ಟ ಮುಖವನ್ನು, ಬಟ್ಟೆ ಒದ್ದೆಯಾದ ಬಾಯಿಯನ್ನು, ಕತ್ತಿನ ಹೊಲಿಗೆಯನ್ನು, ಕೊಂಡ ಮಾಲನ್ನು ನೋಡುವ ಹಾಗೆ ನಿಧಾನವಾಗಿ ನೋಡಿದ. ಅವನ ಕಣ್ಣಲ್ಲಿ ಧೈರ್ಯ ಇರಲಿಲ್ಲ, ಬರೀ ಹೆದರಿಕೆ ಇತ್ತು. ಶಿವಯೋಗೆಪ್ಪನಿಗೂ ಸಂತೋಷ ಆಗಲಿಲ್ಲ. ತಾನಿರುವ ಕೋಣೆಗೆ ಇನ್ನೊಬ್ಬನನ್ನು ಕೈ ಹಿಡಿದು ಕರೆತಂದಿದ್ದೇನೆ ಎಂಬುದು ಅವನಿಗೆ ಗೊತ್ತಿತ್ತು. ಈ ಸಲ ಬಂದವನು ಎಲ್ಲ ನೋಡಿಕೊಂಡೇ ಬಂದಿದ್ದ, ಅಷ್ಟೇ ಸಮಾಧಾನ. ಶಿವಯೋಗೆಪ್ಪ ಮುಖ ತಿರುಗಿಸಿಕೊಳ್ಳಲಿಲ್ಲ. ಸೈಫುದ್ದೀನನಿಗೆ ಸಾಕು ಅನ್ನಿಸುವ ತನಕ, ನೋಡಲಿ ಎಂದು ಬಾಯಿಯ ಬಟ್ಟೆ ಬಿಚ್ಚಿ ಕೂತ.